ಕೆಂಪು ಚುಕ್ಕೆಯ ರ್ಯಾಮ್

ನಮ್ಮ ಊರಿನಲ್ಲಿ ಕಂಪ್ಯೂಟರಿಗೆ ರ್ಯಾಮ್ ಕೊಳ್ಳುವುದೆಂದರೆ ಹೆಣ್ಣು ನೋಡಲು ಹೋದಷ್ಟು ವಿಚಾರಣೆ. ಎಷ್ಟು ಜಿಬಿ, ಯಾವ ಕಂಪನಿ ಎಂಬುದೆಲ್ಲ ಆಮೇಲೆ. ಮೊದಲ ಪ್ರಶ್ನೆ, ಯಾರ ಕಡೆಯದು? ಯಾಕೆಂದರೆ ನಮ್ಮಲ್ಲಿ ಬರೆದು ಅಳಿಸಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಅದು ಆ ಯಂತ್ರದೊಳಗೆ ಸಿಕ್ಕಿಸಿದ ರ್ಯಾಮ್ ಪಟ್ಟಿಯಲ್ಲೇ ಕೂತಿರುತ್ತದೆ. ಪಟ್ಟಿಯನ್ನು ಕಿತ್ತು ಬೇರೊಂದು ಯಂತ್ರಕ್ಕೆ ಹಾಕಿ, ಅಲ್ಲಿ ಮೊದಲ ಸಲ ಖಾಲಿ ಪುಟ ತೆರೆದಾಗ ಅಷ್ಟೂ ಮೇಲೆ ಬರುತ್ತದೆ. ಬರುವುದು ಒಂದೇ ಸಲ. ಪುಟ ಮುಚ್ಚಿದರೆ ಮುಗಿಯಿತು, ಪಟ್ಟಿ ಖಾಲಿ.

ಸೊಸೈಟಿಯ ಕಾರ್ಯದರ್ಶಿಯ ಹಳೆಯ ಪಟ್ಟಿಯನ್ನು ಹಿಟ್ಟಿನ ಗಿರಣಿಯವನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡ. ಅವನ ಪರದೆಯ ಮೇಲೆ ಇಪ್ಪತ್ತೆರಡು ರಾಜೀನಾಮೆ ಪತ್ರ ಬಂದವು. ಕಾರ್ಯದರ್ಶಿ ಇಂದಿಗೂ ಅದೇ ಕುರ್ಚಿಯಲ್ಲಿದ್ದಾರೆ, ಗಿರಣಿಯವನು ಇಂದಿಗೂ ಅವರಿಗೆ ನಮಸ್ಕಾರ ಮಾಡುತ್ತಾನೆ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಅಳಿಸಿದ್ದನ್ನು ಓದಿದವರು ಅದನ್ನು ಬಾಯಿಗೆ ತರಬಾರದು. ಇದು ನಮ್ಮ ಊರಿನ ಮರ್ಯಾದೆ. ಉಂಡ ಮನೆಯ ಜಂತೆ ಎಣಿಸಿದರೂ ಕ್ಷಮಿಸುತ್ತಾರೆ, ಇದೊಂದನ್ನು ಕ್ಷಮಿಸುವುದಿಲ್ಲ. ಹಾಗಾಗಿ ಹಳೆಯ ಪಟ್ಟಿಗಳಲ್ಲಿ ತೊಳೆದದ್ದಕ್ಕೆ, ಅಂದರೆ ಮಾತು ಖಾಲಿ ಮಾಡಿದ್ದಕ್ಕೆ, ಒಂದು ದರ, ತೊಳೆಯದ್ದಕ್ಕೆ ಅದರ ಅರ್ಧ. ಪರರ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಿಗೆ ಅಷ್ಟಾದರೂ ರಿಯಾಯಿತಿ ಬೇಡವೇ?

ನಾನು ಕಸ್ತೂರಿ. ತೋಟಪ್ಪನವರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಾಡುವವಳು. ವಯಸ್ಸು ನಲವತ್ತಾರು, ನಾಲಿಗೆ ಸ್ವಲ್ಪ ಉದ್ದ. ಊರಿನ ಎಲ್ಲರ ಮದುವೆಯ ಪತ್ರಿಕೆಯೂ ನನ್ನ ಕೈಯಿಂದಲೇ ಹೋಗಿದೆ, ನನ್ನದೊಂದು ಬಿಟ್ಟು. ಅಪ್ಪನ ಕಾಯಿಲೆ, ತಮ್ಮಂದಿರ ಓದು ಎನ್ನುತ್ತ ಎನ್ನುತ್ತ ವರ್ಷಗಳು ಹೋದವು. ಅದರ ಬಗ್ಗೆ ಯಾರ ಮೇಲೂ ಸಿಟ್ಟಿಲ್ಲ. ಸಿಟ್ಟೇನಿದ್ದರೂ ಬೇರೆ ವಿಷಯಗಳ ಮೇಲೆ, ಅದು ಬೇಕಾದಷ್ಟಿದೆ.

ನಮ್ಮ ಕೆಲಸದಲ್ಲಿ ಪಳಗಿದವರು ಖಾಲಿ ಪುಟ ತೆರೆಯುವುದಿಲ್ಲ. ಹೋದ ವಾರದ ಪತ್ರಿಕೆಯನ್ನೇ ತೆಗೆದು ಗಂಡಿನ ಹೆಸರು, ಹೆಣ್ಣಿನ ಹೆಸರು, ತಿಥಿ, ಮಂಟಪ ಬದಲಿಸಿದರೆ ಆಯಿತು. ಗಣಪತಿ ಅಲ್ಲೇ ಇರುತ್ತಾನೆ, ಅಂಚಿನ ಬಳ್ಳಿ ಅಲ್ಲೇ ಇರುತ್ತದೆ, ಉಡುಗೊರೆ ಸ್ವೀಕರಿಸುವುದಿಲ್ಲ ಎಂಬ ಸುಳ್ಳೂ ಅಲ್ಲೇ ಇರುತ್ತದೆ. ಒಮ್ಮೆ ಹಳೆಯ ವರನ ಸೋದರಮಾವ ಹೊಸ ಪತ್ರಿಕೆಯಲ್ಲೂ ಉಳಿದುಬಿಟ್ಟ. ಐನೂರು ಪ್ರತಿ ಅಚ್ಚಾಗಿ ಹೋಗಿತ್ತು. ಆ ಮನುಷ್ಯ ಕರೆಯೋಲೆಯಲ್ಲಿ ತನ್ನ ಹೆಸರಿದೆಯೆಂದು ಸಂಬಂಧವೇ ಇಲ್ಲದ ಮದುವೆಗೆ ಹೋಗಿ, ಎರಡು ಹೋಳಿಗೆ ಉಂಡು, ಅಕ್ಷತೆ ಹಾಕಿ ಬಂದನಂತೆ. ತೋಟಪ್ಪನವರು ನನಗೆ ಬೈದರು. ನಾನು ನನ್ನ ಪದ್ಧತಿ ಬಿಡಲಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಗದಿಗೆಯ್ಯನವರು ಕೂರುತ್ತಿದ್ದರು. ಒಂಬತ್ತು ವರ್ಷ. ಅವರದು ನನ್ನ ತದ್ವಿರುದ್ಧ ಪದ್ಧತಿ. ಪ್ರತಿ ಪತ್ರಿಕೆಯನ್ನೂ ಖಾಲಿ ಪುಟದಿಂದ ಶುರು ಮಾಡುವರು. ಗಣಪತಿಯನ್ನು ಮೊದಲಿನಿಂದ ಕೂರಿಸುವರು. ದಿನಕ್ಕೆ ನಾನು ಆರು ಮುಗಿಸಿದರೆ ಅವರು ಮೂರು. ನಾನು ಕೆಣಕುತ್ತಿದ್ದೆ, ಅವರು ಕಿವಿಯವರೆಗೆ ಕೆಂಪಾಗಿ ನಗುತ್ತಿದ್ದರು. ಅವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನನ್ನ ಬಾಯಿಂದ ಹತ್ತು ಖರ್ಚಾಗುತ್ತಿದ್ದವು.

ನಮ್ಮಿಬ್ಬರ ಯಂತ್ರಗಳನ್ನು ತೋಟಪ್ಪನವರು ಒಂದೇ ದಿನ ಕೊಂಡಿದ್ದರು. ಒಳಗಿನ ರ್ಯಾಮ್ ಪಟ್ಟಿಗಳೂ ಒಂದೇ ಕಂಪನಿಯವು, ನಾಲ್ಕು ನಾಲ್ಕು ಜಿಬಿಯವು. ಅದಲು ಬದಲಾದರೆ ಗತಿಯೇನು? ಊರಲ್ಲಿ ಎಲ್ಲರೂ ಮಾಡುವ ಹಾಗೆ ನಾನೂ ನನ್ನ ಪಟ್ಟಿಯ ಮೂಲೆಗೆ ಒಂದು ಗುರುತು ಹಾಕಿದೆ. ಉಗುರಿಗೆ ಹಚ್ಚುವ ಕೆಂಪು ಬಣ್ಣದ ಒಂದು ಚುಕ್ಕೆ. ಗದಿಗೆಯ್ಯನವರು ತಮ್ಮದಕ್ಕೆ ಏನೂ ಹಾಕಲಿಲ್ಲ. "ನಿಮ್ದು ಗೊತ್ತಾದ್ರ ನಂದು ತಾನ ಗೊತ್ತಾಗತೈತಲ್ರಿ" ಎಂದರು. ಆ ವಾರದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು.

ನಾನು ಗುರುತು ಹಾಕಿದ್ದಕ್ಕೆ ಕಾರಣವಿತ್ತು. ಅವರು ರಜೆ ಹಾಕಿದ ದಿನ ನನಗೆ ಪ್ರೆಸ್ಸಿನಲ್ಲಿ ಕೂರಲು ಬೇಸರವಾಗುತ್ತಿತ್ತು. ಯಾರದೋ ಲಗ್ನಪತ್ರಿಕೆಯ ಕೆಳಗೆ, "ಗದಿಗೆಯ್ಯನವರೆ, ನಾಳೆಯಾದರೂ ಬರ್ತೀರಾ?" ಎಂದು ಬರೆದು ಅಳಿಸುತ್ತಿದ್ದೆ. ಒಮ್ಮೆ, "ನಿಮ್ಮ ನೀಲಿ ಅಂಗಿ ನಿಮಗೊಪ್ಪುತ್ತದೆ" ಎಂದು ಬರೆದೆ. ಒಮ್ಮೆ ಇನ್ನೂ ನೇರವಾಗಿಯೇ ಬರೆದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಹೌದು, ಊರಿಗೆಲ್ಲ ಮುಖದ ಮೇಲೆ ಹೇಳುವ ಕಸ್ತೂರಿಗೆ ಪಕ್ಕದ ಮೇಜಿಗೆ ಹೇಳಲು ಧೈರ್ಯವಿರಲಿಲ್ಲ.

ಪ್ರೆಸ್ಸಿಗೆ ನಾಲ್ಕು ಗಂಟೆಗೆ ದ್ಯಾಮವ್ವ ಚಹಾ ತರುತ್ತಾಳೆ, ಕಪ್ಪಿನ ಕೆಳಗೆ ಬಸಿ ಎಂಬ ಪುಟ್ಟ ತಟ್ಟೆ ಇಟ್ಟೇ ಕೊಡುತ್ತಾಳೆ, ಗಾಜಿನ ಲೋಟದಲ್ಲಿ ಕೊಟ್ಟರೆ ಅವಳ ಅಂತಸ್ತು ಕಡಿಮೆಯಾಗುತ್ತದೆ. ಏಳು ವರ್ಷದ ಹಿಂದೆ ಗದಿಗೆಯ್ಯನವರಿಗೆ ಒಂದು ಹೊಸ ಚಾಳಿ ಶುರುವಾಯಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಎದ್ದು ಹೊರಗೆ ಹೋಗಿಬಿಡುವರು. ಅವರ ಚಹಾ ಮೇಜಿನ ಮೇಲೆ ಆರುತ್ತ ಕೂತಿರುತ್ತಿತ್ತು. ಅರ್ಧ ಗಂಟೆ ಬಿಟ್ಟು ಬಂದು, ಬಾಗಿಲಲ್ಲಿ ನಿಂತು ಒಂದು ಸಲ ಕಪ್ಪನ್ನು ನೋಡಿ, ಬಂದು ಕೂತು ತಣ್ಣನೆಯ ಚಹಾ ಕುಡಿಯುವರು. "ಏನ್ರೀ ಇದು, ಆರಿದ ಚಹಾ ಕುಡಿಯೂ ವ್ರತ ಹಿಡದೀರೇನು?" ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಅದೇ ತಿಂಗಳಲ್ಲಿ ಒಂದು ಸಲ ಹೇಳಿದರು, "ಒಮ್ಮೆರ ಖಾಲಿ ಹಾಳಿ ತಗದು ಪತ್ರಿಕಿ ಮಾಡಿ ನೋಡ್ರಿ." ವಾರ ಬಿಟ್ಟು ಮತ್ತೆ ಹೇಳಿದರು. ಮೂರನೆಯ ಸಲ, "ಖಾಲಿ ಹಾಳಿಗೆ ಅಂಜಿಕಿ ಏನ್ರೀ ನಿಮಗ?" ಎಂದು ಕೇಳಿದರು. ಅವರು ಒಂದೇ ಮಾತನ್ನು ಮೂರು ಸಲ ಹೇಳುವ ಜನವಲ್ಲ. ನಾನಾದರೂ ಯೋಚಿಸಬೇಕಿತ್ತು. ನನ್ನ ನಾಲಿಗೆ ಯೋಚಿಸಲು ಬಿಡಲಿಲ್ಲ. "ನಿಮ್ಮಂಗ ಗಣಪತಿನ್ನ ದಿನಾ ಮಣ್ಣಿಂದ ಮಾಡಾಕ ನನಗ ಪುರಸೊತ್ತಿಲ್ರಿ" ಎಂದೆ. ತಿಂಗಳು ತುಂಬಿದ ದಿನ ಅವರು ತೋಟಪ್ಪನವರಿಗೆ ಹೇಳಿ ಕೆಲಸ ಬಿಟ್ಟರು. ತಂಗಿಯ ಊರಿಗೆ ಹೋದರಂತೆ, ಆಮೇಲೆ ಅಲ್ಲಿಂದಲೂ ಎಲ್ಲಿಗೋ. ವಿಳಾಸ ಯಾರ ಬಳಿಯೂ ಇಲ್ಲ. ಅವರ ಯಂತ್ರವನ್ನು ತೋಟಪ್ಪನವರು ಒಂದು ಟೈಪಿಂಗ್ ಕ್ಲಾಸಿಗೆ ಮಾರಿದರು. ಮೇಜಿನ ಮೇಲೆ ಪತ್ರಿಕೆಯ ರಟ್ಟಿನ ಪೆಟ್ಟಿಗೆಗಳು ಬಂದು ಕೂತವು.

ಅಂದಿನಿಂದ ನನಗೆ ಒಂದೇ ಹಂಬಲ. ಅವರು ನನಗಾಗಿ ಎಂದಾದರೂ ಏನಾದರೂ ಬರೆದು ಅಳಿಸಿದ್ದರೇ? ಅವರ ಪಟ್ಟಿ ಸಿಕ್ಕರೆ ತಿಳಿಯುತ್ತದೆ. ಟೈಪಿಂಗ್ ಕ್ಲಾಸಿನ ಮಕ್ಕಳು ಅದನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿರದಿದ್ದರೆ ಮಾತುಗಳು ಇನ್ನೂ ಒಳಗೇ ಇರುತ್ತವೆ. ಇಲ್ಲದ ನೆಪ ಹುಡುಕಿ ಆ ಕ್ಲಾಸಿನ ಮುಂದೆ ಓಡಾಡಿದೆ. ನಲವತ್ತು ದಾಟಿದ ಮೇಲೆ, ಟೈಪಿಂಗ್ ಬಲ್ಲವಳು, ಟೈಪಿಂಗ್ ಕಲಿಯಲು ಸೇರುತ್ತೇನೆಂದು ಕೇಳಿಯೂ ಬಂದೆ. ಕ್ಲಾಸಿನವರು ನಕ್ಕು ಕಳಿಸಿದರು. ಹಳೆಯ ಸಾಮಾನು ಕೊಳ್ಳುವ ಮಾಬುಸಾಬನಿಗೆ ಹೇಳಿಟ್ಟೆ, "ಆ ಕ್ಲಾಸಿನ ಮಾಲು ಯಾವಾಗ ಬಂದ್ರೂ ಮೊದಲ ನನಗ ಹೇಳ್ರಿ." ಯಾಕೆ ಎಂದು ಅವನು ಕೇಳಲಿಲ್ಲ. ಆ ಧಂದೆಯಲ್ಲಿ ಯಾಕೆ ಎಂದು ಕೇಳುವವರು ಉಳಿಯುವುದಿಲ್ಲ.

ಹೋದ ಸೋಮವಾರ ಅವನಿಂದ ಸುದ್ದಿ ಬಂತು. ಕ್ಲಾಸು ಮುಚ್ಚಿದೆ, ಎಂಟು ಯಂತ್ರ ಬಂದಿವೆ, ಪಟ್ಟಿಗಳನ್ನು ಬಿಚ್ಚಿಟ್ಟಿದ್ದೇನೆ, ತೊಳೆದಿಲ್ಲ. ದೇವರು ಕೊಟ್ಟರೆ ಎರಡೂ ಕೈಯಿಂದ ಕೊಡುತ್ತಾನೆ. ಅದೇ ವಾರ ನನ್ನ ಯಂತ್ರ ಮದುವೆ ಸುಗ್ಗಿಯ ಭಾರಕ್ಕೆ ಎಮ್ಮೆಯ ಹಾಗೆ ಕೂತುಬಿಟ್ಟಿತ್ತು. ಒಂದು ಗಣಪತಿ ಪರದೆಗೆ ಬರುವಷ್ಟರಲ್ಲಿ ಒಂದು ಎಲೆ ಅಡಿಕೆ ಹಾಕಿಕೊಳ್ಳಬಹುದಿತ್ತು. "ರ್ಯಾಮ್ ಜಾಸ್ತಿ ಮಾಡಿಸ್ಕೊಂಡು ಬಾ, ಹದಿನೈದು ನೂರು ದಾಟಬಾರದು" ಎಂದು ತೋಟಪ್ಪನವರೇ ದುಡ್ಡು ಕೊಟ್ಟು ಕಳಿಸಿದರು. ಸಿಪಿಯು ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೊರಟೆ.

ಮಾಬುಸಾಬನ ಅಂಗಡಿ ಹಳೇ ಬಸ್ ನಿಲ್ದಾಣದ ಹಿಂದೆ ಇದೆ. ಅಲ್ಲಿ ಒಂದು ಪರದೆ ಯಾವಾಗಲೂ ಗೋಡೆಯ ಕಡೆ ಮುಖ ಮಾಡಿರುತ್ತದೆ. ಅದು ತೊಳೆಯುವ ಯಂತ್ರ. ಹಳೆಯ ಪಟ್ಟಿಯನ್ನು ಅದಕ್ಕೆ ಹಾಕಿ, "ಮಾಫ್ ಮಾಡ್ರಿ" ಎಂದು ಗೊತ್ತಿಲ್ಲದ ಯಾರಿಗೋ ಹೇಳಿ, ಖಾಲಿ ಪುಟ ತೆರೆದು, ಮುಚ್ಚುತ್ತಾನೆ. ಬಂದ ಮಾತುಗಳನ್ನು ಗೋಡೆ ಓದಿಕೊಳ್ಳುತ್ತದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಒಂದು ಸಲವೂ ಇಣುಕಿಲ್ಲವೆಂದು ಅವನ ಹೆಮ್ಮೆ.

ಡಬ್ಬದ ಮುಚ್ಚಳ ಬಿಚ್ಚಿ ಒಳಗೆ ಬಗ್ಗಿ ನೋಡಿದ. "ಅಕ್ಕಾರ, ಇದು ಹಳೇ ಬೋರ್ಡ್. ಹೊಸಾ ತರದ ಪಟ್ಟಿ ಇದಕ್ಕ ಕೂಡೂದಿಲ್ರಿ, ಕಚ್ಚು ಬ್ಯಾರೆ ಕಡೆ ಇರತೈತಿ. ಇದಕ್ಕ ಹಳೇ ತರದ್ದು, ಡಿಡಿಆರ್ ಮೂರ ಆಗಬೇಕು. ಎಂಟು ಜಿಬಿದು ಒಂದ ಐತಿ, ತೊಳದದ್ದು. ಹದಿನೇಳು ನೂರು. ನಿಮ್ಮ ಹಳೇದು ಕೊಟ್ರ ಮುನ್ನೂರು ಕಡಿಮಿ. ತೊಳೀಲಾರದ್ದು ಬೇಕಂದ್ರ ಎಂಟುನೂರಾ ಐವತ್ತಕ್ಕ ಐತಿ. ಅದು ವಕೀಲರ ಕಡೆದು."

"ವಕೀಲರು ಬರದದ್ದ ಸಾಕಾಗೇತಿ ಊರಿಗೆ, ಅಳಿಸಿದ್ದು ಬ್ಯಾರೆ ಯಾರು ಓದತಾರ?" ಎಂದೆ.

ಅವನು ನಕ್ಕ. "ಖರೇ ಹೇಳಬೇಕಂದ್ರ ಒಂದು ಎಂಟರಕಿಂತ ಎರಡು ನಾಕು ಜೋಡಿ ಹಾಕಿದ್ರ ಯಂತ್ರ ಚುರುಕ ಆಗತೈತ್ರಿ. ಎರಡು ಎತ್ತು ಕಟ್ಟಿದಂಗ. ಆದ್ರ ಎರಡೂ ಒಂದ ಕಂಪನಿದು, ಒಂದ ಸ್ಪೀಡಿನವು ಇರಬೇಕು. ನಿಮ್ಮ ಈ ಕಂಪನಿ ಮುಚ್ಚಿ ಯಾವ ಕಾಲ ಆತು. ಜೋಡಿ ಎಲ್ಲಿ ಸಿಗತೈತಿ?"

"ಹಂಗಾರ ಎಂಟರದ್ದ ಹಾಕ್ರಿ. ಹಳೇದು ನೀವ ಇಟ್ಕೊಳ್ರಿ" ಎಂದೆ. ನನ್ನ ಲಕ್ಷ್ಯವೆಲ್ಲ ಟೈಪಿಂಗ್ ಕ್ಲಾಸಿನ ಮಾಲಿನ ಮೇಲೆ ಇತ್ತು. ಅವನು ನನ್ನ ಯಂತ್ರದ ಪಟ್ಟಿಯನ್ನು ಎರಡೂ ಬದಿಯ ಕೊಂಡಿ ಒತ್ತಿ ಹೊರಗೆಳೆದ. ಏಳೆಂಟು ವರ್ಷದ ಧೂಳು. ಊದಿದ, ಬ್ರಶ್ಶಿನಿಂದ ಒರೆಸಿದ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ತಿಕ್ಕಿದ. ಅದರ ಮೂಲೆಯಲ್ಲಿ ಚುಕ್ಕೆ ಕಾಣಲಿಲ್ಲ. ಕಾಲವಾಯಿತಲ್ಲ, ಉದುರಿಹೋಗಿರಬೇಕು ಎಂದುಕೊಂಡೆ. ಅವನು ಅದನ್ನು ಹಿಡಿದು ಗೋಡೆ ನೋಡುವ ಪರದೆಯ ಹಿಂದೆ ಹೋದ. ನಾನು ಕ್ಲಾಸಿನ ಪಟ್ಟಿಗಳ ತಟ್ಟೆಯನ್ನು ಮುಂದೆಳೆದುಕೊಂಡೆ.

ಎಂಟು ಪಟ್ಟಿ. ಏಳು ಬೇರೆ ಬೇರೆ ಕಂಪನಿಯವು. ಎಂಟನೆಯದು ನಮ್ಮದೇ ಕಂಪನಿಯದು, ನಾಲ್ಕು ಜಿಬಿ. ಗದಿಗೆಯ್ಯನವರ ಪಟ್ಟಿ. ಸಿಕ್ಕಿತು ಎಂದುಕೊಂಡೆ. ತಿರುಗಿಸಿ ನೋಡಿದೆ. ಮೂಲೆಯಲ್ಲಿ ಕೆಂಪು ಚುಕ್ಕೆ.

ನನ್ನ ಚುಕ್ಕೆ. ಬ್ರಶ್ಶು ಜಾರಿ ಒಂದು ಬದಿಗೆ ಸಣ್ಣ ಬಾಲ ಬಂದಿತ್ತು, ಆ ಬಾಲವೂ ಹಾಗೇ ಇತ್ತು. ನನ್ನ ಪಟ್ಟಿ ಅವರ ಯಂತ್ರದಲ್ಲಿ ಏನು ಮಾಡುತ್ತಿತ್ತು? ಆಗ ನೆನಪಾಯಿತು. ಆ ಆರಿದ ಚಹಾದ ತಿಂಗಳು ಶುರುವಾಗುವ ಮೊದಲಿನ ಭಾನುವಾರ, ಎರಡೂ ಯಂತ್ರದ ಧೂಳು ಹೊಡೆಯುತ್ತೇನೆಂದು ಅವರು ಒಬ್ಬರೇ ಪ್ರೆಸ್ಸಿಗೆ ಬಂದಿದ್ದರು. ಸೋಮವಾರ ನಾನು, "ಚಲೋ ಆತು, ಕಸಬರಿಗಿ ಕೆಲಸಾನೂ ಕಲತ್ರಿ" ಎಂದು ಕೆಣಕಿದ್ದೆ. ಅಂದು ಅವರು ಧೂಳು ಹೊಡೆಯುವುದರ ಜೊತೆಗೆ ಎರಡೂ ಪಟ್ಟಿಗಳನ್ನು ಅದಲು ಬದಲು ಮಾಡಿದ್ದರು. ನನ್ನದನ್ನು ತಾವು ಇಟ್ಟುಕೊಂಡು ತಮ್ಮದನ್ನು ನನಗೆ ಕೊಟ್ಟಿದ್ದರು. ನಾನು ಏಳು ವರ್ಷ ಊರೆಲ್ಲ ಹುಡುಕಿದ್ದು ಏಳು ವರ್ಷದಿಂದ ನನ್ನ ಮೊಣಕಾಲ ಪಕ್ಕದ ಡಬ್ಬದೊಳಗೇ ಇತ್ತು. ಈಗ ಮಾಬುಸಾಬನ ಕೈಯಲ್ಲಿತ್ತು.

"ಮಾಫ್ ಮಾಡ್ರಿ" ಎಂದು ಪರದೆಯ ಹಿಂದಿನಿಂದ ಕೇಳಿಸಿತು.

"ಮಾಬುಸಾಬ್! ಕೈ ತಗೀರಿ! ಹಾಳಿ ತಗೀಬ್ಯಾಡ್ರಿ!" ನಾನು ಕೂಗಿದ್ದಕ್ಕೆ ಪಕ್ಕದ ಅಂಗಡಿಯ ಚಪ್ಪಲಿ ಹೊಲಿಯುವವನೂ ಕೈ ಎತ್ತಿ ನಿಂತನಂತೆ.

ಮಾಬುಸಾಬ ಎರಡೂ ಕೈ ಮೇಲೆತ್ತಿಕೊಂಡು ಹೊರಗೆ ಇಣುಕಿದ. "ಪಟ್ಟಿ ಹಾಕೀನಿ ಅಕ್ಕಾರ. ಹಾಳಿ ತಗದಿಲ್ಲ. ಬಟ್ಟು ಗುಂಡಿ ಮ್ಯಾಲ ಇತ್ತು."

ಸ್ಟೂಲಿನ ಮೇಲೆ ಕೂತೆ. "ಅದನ್ನ ಕೊಡಂಗಿಲ್ರಿ. ವಾಪಸ್ ಬೇಕು."

"ನಿಮ್ದ ಅಲ್ಲೇನ್ರೀ, ಒಯ್ರಿ. ಇಷ್ಟು ಯಾಕ ಒದರತೀರಿ?"

"ನಂದಲ್ಲ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ಬಂತು. ಅವನು ನನ್ನ ಕೈಯಲ್ಲಿದ್ದ ಕೆಂಪು ಚುಕ್ಕೆಯನ್ನೂ ತನ್ನ ಯಂತ್ರದಲ್ಲಿದ್ದ ಪಟ್ಟಿಯನ್ನೂ ಒಂದು ಸಲ ನೋಡಿದ. ಯಂತ್ರ ಆರಿಸಿ ಪಟ್ಟಿಯನ್ನು ಹುಷಾರಾಗಿ ಬಿಡಿಸಿ ತಂದ.

"ಜೋಡಿ ಎಲ್ಲಿ ಸಿಗತೈತಿ ಅಂದಿದ್ನಿ. ಸಿಕ್ತಲ್ರಿ" ಎಂದ. "ಎರಡೂ ಒಂದ ಕಂಪನಿ, ಒಂದ ಸ್ಪೀಡು. ಎಂಟರದ್ದು ಬ್ಯಾಡ, ಇವೆರಡೂ ಹಾಕತೀನಿ. ಈ ಚುಕ್ಕಿದು ಕ್ಲಾಸಿನ ಹುಡುಗರ ಕೈಯಾಗ ಇದ್ದದ್ದು, ಇದನ್ನ ತೊಳದ ಕೊಡತೀನಿ. ತೊಳದ ನಾಕರದ್ದಕ್ಕ ಆರುನೂರ್ರಿ."

"ಇದರಾಗ ನನ್ನ ಮಾತು..." ಎಂದು ಶುರು ಮಾಡಿ ನಿಲ್ಲಿಸಿದೆ. ನನ್ನ ಮಾತು ಅದರಲ್ಲಿ ಇರುವುದಿಲ್ಲ. ಗದಿಗೆಯ್ಯನವರು ದಿನವೂ ಖಾಲಿ ಪುಟದಿಂದ ಕೆಲಸ ಶುರು ಮಾಡುವವರು. ಆ ಸೋಮವಾರ ಬೆಳಿಗ್ಗೆ, ನಾನು ಕಸಬರಿಗೆ ಎಂದು ಕೆಣಕಿ ನಗುತ್ತಿದ್ದಾಗಲೇ, ನೀಲಿ ಅಂಗಿಯನ್ನೂ, ನಾಳೆಯಾದರೂ ಬರ್ತೀರಾ ಎಂಬುದನ್ನೂ, ಆ ನೇರವಾದ ಮಾತನ್ನೂ ಅವರು ಓದಿ ಮುಗಿಸಿದ್ದರು. ಓದಿ, ಊರಿನ ಮರ್ಯಾದೆಯಂತೆ, ಬಾಯಿ ಮುಚ್ಚಿಕೊಂಡಿದ್ದರು. "ತೊಳೀರಿ" ಎಂದೆ.

ಪ್ರೆಸ್ಸಿಗೆ ಮರಳಿದಾಗ ಮೂರೂವರೆ. ತೋಟಪ್ಪನವರಿಗೆ ಉಳಿದ ಒಂಬೈನೂರು ಕೊಟ್ಟಾಗ ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಯಂತ್ರ ಚಾಲೂ ಮಾಡಿದೆ. ನಿಜಕ್ಕೂ ಎತ್ತು ಕಟ್ಟಿದ ಹಾಗೆಯೇ ಓಡಿತು. ಕೈ ಅಭ್ಯಾಸದಂತೆ ಹೋದ ವಾರದ ಪತ್ರಿಕೆಯ ಕಡೆಗೇ ಹೋಯಿತು. ಅದನ್ನು ಹಿಂದೆ ತಂದು, ಇಷ್ಟು ವರ್ಷದಲ್ಲಿ ಮೊದಲ ಸಲ ಖಾಲಿ ಪುಟ ತೆರೆದೆ.

ಮಾತುಗಳು ಬಂದವು. "ಕಸ್ತೂರಿ ಅವರೆ" ಎಂದು ಮೊದಲು. ಕೆಳಗೆ ಮತ್ತೆ "ಕಸ್ತೂರಿ ಅವರೆ". ಹೀಗೆ ಪುಟದ ಅರ್ಧದವರೆಗೆ ಬರೀ ಹೆಸರು, ಮುಂದೇನೂ ಇಲ್ಲ. ಬರವಣಿಗೆಯಲ್ಲೂ ಅವರ ಬಾಯಿ ತೆರೆಯಲು ಅಷ್ಟು ಹೊತ್ತು ಬೇಕಾಗಿತ್ತು. ಆಮೇಲೆ, "ನಿನ್ನೆ ನೀವು ಇರಲಿಲ್ಲ. ಪ್ರೆಸ್ಸಿನಲ್ಲಿ ಗದ್ದಲ ಕಡಿಮೆ ಇತ್ತು. ಚೆನ್ನಾಗಿರಲಿಲ್ಲ." ಅದರ ಕೆಳಗೆ ಒಂದು ಅರ್ಧ ಲಗ್ನಪತ್ರಿಕೆ. ಗಂಡಿನ ಹೆಸರು ಅವರದು. ಹೆಣ್ಣಿನ ಹೆಸರಿನ ಜಾಗದಲ್ಲಿ 'ಕ' ಎಂದು ಬರೆದು ನಿಲ್ಲಿಸಿದ್ದರು. ಕೊನೆಯದು ಶನಿವಾರ ಬರೆದದ್ದಿರಬೇಕು.

"ಕಸ್ತೂರಿ ಅವರೆ, ನಾಳೆ ಪಟ್ಟಿಗಳನ್ನು ಅದಲು ಬದಲು ಮಾಡುತ್ತೇನೆ. ನಿಮ್ಮದರಲ್ಲಿ ನನ್ನ ವಿಷಯ ಏನೂ ಇಲ್ಲದಿದ್ದರೆ ತಪ್ಪು ನನ್ನದು. ಇದನ್ನು ಓದಿ ಒಪ್ಪಿಗೆಯಾದರೆ, ಬಾಯಿಂದ ಹೇಳುವುದು ಬೇಡ. ನಾಲ್ಕು ಗಂಟೆಗೆ ನಾನು ಎದ್ದು ಹೊರಗೆ ಹೋಗುತ್ತೇನೆ. ನನ್ನ ಚಹಾ ಆರದಂತೆ ಕಪ್ಪಿನ ಮೇಲೆ ಬಸಿ ಮುಚ್ಚಿಡಿ. ಅಷ್ಟು ಸಾಕು. ಒಪ್ಪಿಗೆ ಇಲ್ಲದಿದ್ದರೆ ಹಾಗೇ ಬಿಡಿ. ಆರಿದ್ದನ್ನೇ ಕುಡಿಯುತ್ತೇನೆ. ಏನೂ ಕೇಳುವುದಿಲ್ಲ."

ಒಂದು ತಿಂಗಳು ಅವರು ಆರಿದ್ದನ್ನೇ ಕುಡಿದರು. ನನ್ನ ಮನಸ್ಸಿನಲ್ಲಿದ್ದದ್ದನ್ನು ಓದಿ ತಿಳಿದ ಮೇಲೆ, ದಿನವೂ ಬಾಗಿಲಲ್ಲಿ ನಿಂತು, ಮುಚ್ಚದ ಕಪ್ಪನ್ನು ನೋಡಿ, ಇವಳು ಖಾಲಿ ಪುಟ ತೆರೆಯಲೂ ಒಲ್ಲಳು, ಮನಸ್ಸು ಬದಲಿಸಿದ್ದಾಳೆ ಎಂದುಕೊಂಡು ಕುಡಿದರು. ನಾನು ವ್ರತ ಎಂದು ನಕ್ಕಿದ್ದೆ. ಈಗ ಅತ್ತೆ. ರಟ್ಟಿನ ಪೆಟ್ಟಿಗೆಗಳ ಹಿಂದೆ ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ. ಪುಟ ಮುಚ್ಚಲು ಮನಸ್ಸಾಗಲಿಲ್ಲ. ಮುಚ್ಚಿದರೆ ಅದು ಮತ್ತೆ ಬರುವುದಿಲ್ಲ.

ನಾಲ್ಕು ಗಂಟೆಗೆ ದ್ಯಾಮವ್ವ ಬಂದು ನನ್ನ ಕಪ್ಪು ಇಟ್ಟಳು. "ಇನ್ನೊಂದು ಹಾಕಬೇ" ಎಂದೆ.

"ಯಾರಿಗವ್ವಾ? ಯಾರರ ಬಂದಾರೇನು?"

"ಇಲ್ಲ. ಹಾಕು."

ಅವಳು ಹಾಕಿ ಕೊಟ್ಟಳು. ಪಕ್ಕದ ಮೇಜಿನ ಪೆಟ್ಟಿಗೆಗಳನ್ನು ನೆಲಕ್ಕಿಳಿಸಿ, ಸೆರಗಿನಿಂದ ಧೂಳು ಒರೆಸಿ, ಅವರ ಕಪ್ಪು ಇರುತ್ತಿದ್ದ ಜಾಗದಲ್ಲೇ ಕಪ್ಪು ಇಟ್ಟೆ. ಮೇಲೆ ಬಸಿ ಮುಚ್ಚಿದೆ. ಎದ್ದು ಹೊರಗೆ ಹೋದೆ. ಅವರು ಎಲ್ಲಿ ನಿಲ್ಲುತ್ತಿದ್ದರೋ ಗೊತ್ತಿಲ್ಲ, ನಾನು ಬೇವಿನ ಮರದ ಕೆಳಗೆ ನಿಂತೆ. ಪೂರ್ತಿ ಅರ್ಧ ಗಂಟೆ ನಿಂತು ಮರಳಿ ಬಂದೆ, ಬಾಗಿಲಲ್ಲಿ ಒಂದು ಕ್ಷಣ ತಡೆದೆ, ಆಮೇಲೆ ಅವರ ಕುರ್ಚಿಯಲ್ಲಿ ಕೂತು ಬಸಿ ಎತ್ತಿದೆ. ಚಹಾ ಇನ್ನೂ ಬೆಚ್ಚಗಿತ್ತು.